ಬೋರ್ಡು ಯಾವಾಗಲೂ ಇರುತ್ತದೆ, ಅದಕ್ಕೇ ಯಾರೂ ಓದುವುದಿಲ್ಲ

ಪ್ರತಿ ಮುಂಗಾರಿನಲ್ಲೂ ನಮ್ಮ ರಾಜ್ಯದಲ್ಲಿ ನಾಲ್ಕು ಸಂಗತಿಗಳು ಒಂದರ ಹಿಂದೊಂದು ನಡೆಯುತ್ತವೆ. ಮೊದಲು ಜಲಪಾತದ ರೀಲ್ಸ್ ಬರುತ್ತವೆ. ನಂತರ ಯಾರೋ ಒಬ್ಬರು ಕಾಲು ಜಾರಿ ಬೀಳುತ್ತಾರೆ. ಮರುದಿನ 'ಪ್ರವೇಶ ನಿಷೇಧ' ಎಂಬ ಆದೇಶ ಹೊರಡುತ್ತದೆ. ಕೊನೆಗೆ ಸತ್ತವರ ಮನೆಯವರನ್ನು ಬಿಟ್ಟು ಎಲ್ಲರೂ ಮರೆಯುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಮೊದಲಿನಿಂದ ಶುರು.

ಇಂಥ ಸಾವು ಸಂಭವಿಸಿದಾಗಲೆಲ್ಲ ಬೈಗುಳ ಬೀಳುವುದು ನಮ್ಮ ವಯಸ್ಸಿನವರಿಗೆ. 'ಈಗಿನ ಹುಡುಗರಿಗೆ ಹೇಳಿದ್ದು ಕೇಳುವುದಿಲ್ಲ, ಎಲ್ಲದಕ್ಕೂ ಸೆಲ್ಫಿ' ಎನ್ನುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಅರ್ಧ ಮಾತು ಮಾತ್ರ ಹೇಳಿದಂತೆ. ಮುಚ್ಚಿದ ದಾರಿಯನ್ನು ಹುಡುಗರು ಯಾಕೆ ದಾಟುತ್ತಾರೆ ಎಂದು ಕೇಳುವ ಜೊತೆಗೆ, ಆ ದಾರಿಯನ್ನು ಮುಚ್ಚಿದವರು ಹೇಗೆ ಮುಚ್ಚಿದ್ದಾರೆ ಎಂದೂ ಕೇಳಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದವರಾದ ನಮಗೆ ಬೆಟ್ಟ, ಕಾಡು, ಜಲಪಾತ ಎಂದರೆ ದೂರದ ಮಾತು. ವರ್ಷದ ಬಹುಪಾಲು ಬಿಸಿಲು ಕಂಡವರಿಗೆ ಹರಿಯುವ ನೀರು ಕಂಡರೆ ಮನಸ್ಸು ನಿಲ್ಲುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಗೋಲಪಲ್ಲಿ ಹತ್ತಿರದ ಗುಂಡಲಬಂಡಾ ಜಲಪಾತಕ್ಕೆ ಮಳೆ ಬಿದ್ದಾಗ ಮಾತ್ರ ಜೀವ. ಆ ಸುದ್ದಿ ಬಂದರೆ ಸಾಕು, ಭಾನುವಾರ ಬೈಕುಗಳ ಸಾಲು ಹೊರಡುತ್ತದೆ. ಇನ್ನು ಸಿಂಧನೂರಿನ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆ ಊರ ಹುಡುಗರಿಗೆ ಕಾಸಿಲ್ಲದ ಈಜುಕೊಳ. ನಮ್ಮ ಕಡೆ ಎಷ್ಟೋ ಜನ ಈಜು ಕಲಿತಿದ್ದು ಬಾವಿಯಲ್ಲಿ, ಇಲ್ಲವೇ ಕಾಲುವೆಯಲ್ಲಿ. ಅಪಾಯ ಎಂಬ ಬೋರ್ಡನ್ನು ನೋಡುತ್ತಲೇ ಕಲಿತವರು ನಾವು. ಒಮ್ಮೆ ಅಂಥದೊಂದು ಬೋರ್ಡಿನ ಮುಂದೆ ನಿಂತಾಗ ಗೆಳೆಯನೊಬ್ಬ ಅಂದ ಮಾತು ನನ್ನ ತಲೆಯಲ್ಲಿ ಉಳಿದಿದೆ: 'ಏ ಬಾರಲೇ, ಆ ಬೋರ್ಡ್ ಯಾವಾಗ್ಲೂ ಇರ್ತದ.'

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಏಪ್ರಿಲ್‌ನಲ್ಲಿ ಬಂಡೆ ಒಣಗಿ ಬಿದ್ದಾಗಲೂ ಬೋರ್ಡು 'ಅಪಾಯ' ಎನ್ನುತ್ತದೆ. ಆಗಸ್ಟ್‌ನಲ್ಲಿ ಕೆಂಪು ನೀರು ಧುಮ್ಮಿಕ್ಕುವಾಗಲೂ ಅದೇ ಬೋರ್ಡು, ಅದೇ ಅಕ್ಷರ. ಕ್ಲಾಡ್ ಶಾನನ್ ಎಂಬ ವಿಜ್ಞಾನಿ 1948ರಲ್ಲಿ ಮಾಹಿತಿ ಸಿದ್ಧಾಂತವನ್ನು ಮಂಡಿಸಿದರು. ಎಂಜಿನಿಯರಿಂಗ್ ತರಗತಿಯಲ್ಲಿ ಅದನ್ನು ಸೂತ್ರಗಳಲ್ಲಿ ಹೇಳಿಕೊಡುತ್ತಾರೆ. ಸರಳವಾಗಿ ಹೇಳುವುದಾದರೆ, ಏನು ಹೇಳುತ್ತದೆ ಎಂದು ಮೊದಲೇ ಖಚಿತವಾಗಿ ಗೊತ್ತಿರುವ ಸಂದೇಶದಲ್ಲಿ ಮಾಹಿತಿಯೇ ಇರುವುದಿಲ್ಲ. ನಮ್ಮ ನಿಷೇಧದ ಬೋರ್ಡುಗಳ ಗತಿ ಅದೇ. ನಿಜವಾಗಿ ಜೀವ ಹೋಗುವ ದಿನ ಅದು ಎಚ್ಚರಿಸಿದರೂ, ಉಳಿದ ಮುನ್ನೂರು ದಿನಗಳಂತೆಯೇ ಕೇಳಿಸುತ್ತದೆ.

ಹಾಗಂತ ಅಪಾಯ ಸುಳ್ಳಲ್ಲ. ಹರಿಯುವ ನೀರು ನಮ್ಮನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಅದಕ್ಕೇ ಮೊಣಕಾಲುದ್ದದ ನೀರು ಕೂಡ ಗಟ್ಟಿಮುಟ್ಟಾದ ಆಳನ್ನು ಕೆಡವಬಲ್ಲದು. ಕಲ್ಲುಬಂಡೆಯ ನೆಲದಲ್ಲಿ ಮಳೆನೀರು ಇಂಗುವುದಿಲ್ಲ. ಹಾಗಾಗಿ ಮೇಲ್ಭಾಗದಲ್ಲಿ ಎಲ್ಲೋ ಮಳೆ ಸುರಿದರೆ, ನಾವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಹಳ್ಳ ಏಕಾಏಕಿ ಏರುತ್ತದೆ. ಕಾಲುವೆಯ ಕಥೆ ಬೇರೆ. ಅಲ್ಲಿ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಇಳಿಯುವುದು ಸುಲಭ, ಹತ್ತಲು ಹಿಡಿತವೇ ಸಿಗುವುದಿಲ್ಲ. ಈಜು ಬಲ್ಲವನೂ ದಡ ಮುಟ್ಟಿ ಮುಟ್ಟಿ ಸುಸ್ತಾಗುತ್ತಾನೆ. ಬೋರ್ಡಿನ ಮೇಲೆ ಬರೆಯಬೇಕಾದದ್ದು ಇದು. ಅಲ್ಲಿರುವುದು 'ಅಪಾಯ' ಎಂಬ ಒಂದೇ ಪದ.

ಹಿಮದ ನಾಡಿನವರು ಹೇಗೆ ಮುಚ್ಚುತ್ತಾರೆ?

ನಮ್ಮ ಬಿಸಿಲ ನಾಡಿಗೂ ಹಿಮದಲ್ಲಿ ಜಾರುವ ಸ್ಕೀಯಿಂಗ್ ಆಟಕ್ಕೂ ಸಂಬಂಧವಿಲ್ಲ ನಿಜ. ಆದರೆ ದಾರಿ ಮುಚ್ಚುವುದು ಹೇಗೆಂದು ಕಲಿಯಬೇಕಾದರೆ ಆ ಆಟದ ರೆಸಾರ್ಟುಗಳನ್ನು ನೋಡಬೇಕು. ಅಲ್ಲಿ ಒಂದು ಬೆಟ್ಟದಲ್ಲಿ ಹತ್ತಾರು ಜಾರುದಾರಿಗಳಿರುತ್ತವೆ. ಬೆಳಿಗ್ಗೆ ಜನ ಬರುವ ಮೊದಲೇ 'ಸ್ಕೀ ಪೆಟ್ರೋಲ್' ಎಂಬ ಕಾವಲು ತಂಡ ಬೆಟ್ಟ ಹತ್ತುತ್ತದೆ. ಹಿಮ ಕುಸಿಯುವ ಸಾಧ್ಯತೆ ಇರುವ ಕಡೆ ತಾವೇ ಸ್ಫೋಟಕ ಇಟ್ಟು ಕೆಡವುತ್ತಾರೆ. ಪರೀಕ್ಷಿಸಿದ ದಾರಿಯನ್ನು ತೆರೆಯುತ್ತಾರೆ, ಅನುಮಾನವಿರುವ ದಾರಿಗೆ ಹಗ್ಗ ಕಟ್ಟಿ 'ಮುಚ್ಚಿದೆ' ಎಂಬ ಫಲಕ ಹಾಕುತ್ತಾರೆ. ಮಧ್ಯಾಹ್ನ ಪರಿಸ್ಥಿತಿ ಸುಧಾರಿಸಿದರೆ ಹಗ್ಗ ಬಿಚ್ಚುತ್ತಾರೆ. ಸಂಜೆ ಕೊನೆಯ ವ್ಯಕ್ತಿ ಇಳಿದನೇ ಎಂದು ನೋಡಿಕೊಂಡು ತಾವು ಇಳಿಯುತ್ತಾರೆ.

ಹಗ್ಗ ದಾಟಿ ಸಿಕ್ಕಿಬಿದ್ದವನ ಪಾಸು ಹೋಗುತ್ತದೆ. ಕೆಲವೊಮ್ಮೆ ಆ ದಿನದ ಮಟ್ಟಿಗೆ, ಕೆಲವೊಮ್ಮೆ ಇಡೀ ಋತುವಿಗೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 1979ರಿಂದ ಇದಕ್ಕೊಂದು ಪ್ರತ್ಯೇಕ ಕಾಯ್ದೆಯೇ ಇದೆ. ಅದರ ಪ್ರಕಾರ ಮುಚ್ಚಿದ ಫಲಕವಿರುವ ದಾರಿಯಲ್ಲಿ ಜಾರುವುದು ದಂಡನೀಯ ಅಪರಾಧ. ನಾನು ಗಮನಿಸಿದ್ದು ಶಿಕ್ಷೆಯ ಕಾಠಿಣ್ಯವನ್ನಲ್ಲ, ಅದರ ಸ್ಪಷ್ಟತೆಯನ್ನು. ಹಗ್ಗ ಯಾಕೆ ಕಟ್ಟಿದ್ದಾರೆ, ದಾಟಿದರೆ ಏನು ಕಳೆದುಕೊಳ್ಳುತ್ತೇನೆ, ಯಾವಾಗ ಮತ್ತೆ ತೆರೆಯಬಹುದು ಎಂಬುದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ನಿನ್ನೆ ತೆರೆದಿದ್ದ ದಾರಿ ಇವತ್ತು ಮುಚ್ಚಿದೆ ಎಂದರೆ ಏನೋ ಕಾರಣವಿದೆ ಎಂದು ಅವನು ನಂಬುತ್ತಾನೆ.

ಅಲ್ಲಿ ಹಗ್ಗ ದಾಟುವವರೇ ಇಲ್ಲವೆಂದಲ್ಲ. ನಮ್ಮದೇ ದೇಶದ ಗುಲ್ಮಾರ್ಗ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಸಿದ್ಧಪಡಿಸಿದ ದಾರಿ ಬಿಟ್ಟು ಹೋಗಿದ್ದ ವಿದೇಶಿಯರ ತಂಡ ಹಿಮಕುಸಿತಕ್ಕೆ ಸಿಲುಕಿತು. ರಷ್ಯಾದ ಒಬ್ಬರು ಸತ್ತರು. ಹುಚ್ಚುತನಕ್ಕೆ ಬಡವ, ಶ್ರೀಮಂತ, ದೇಶ, ಭಾಷೆ ಎಂಬ ಭೇದವಿಲ್ಲ. ಆದರೆ ಕಾವಲು ಸರಿಯಾಗಿದ್ದಾಗ ದಾಟಿದವನದು ಗೊತ್ತಿದ್ದೂ ಮಾಡಿದ ಹುಚ್ಚುತನ. ನಮ್ಮಲ್ಲಿ ಗೊತ್ತಿಲ್ಲದೆ ಸಾಯುವವರೇ ಹೆಚ್ಚು.

ದಂಡವೋ, ಅವಮಾನವೋ?

ಈಗ ನಮ್ಮ ರಾಜ್ಯಕ್ಕೆ ಬರೋಣ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಬಿದ್ದ ವಿಡಿಯೊವನ್ನು ನಾವೆಲ್ಲ ನೋಡಿದ್ದೇವೆ. ಶವ ಸಿಗಲು ಸುಮಾರು ಒಂದು ವಾರ ಬೇಕಾಯಿತು. ಅದೇ ತಿಂಗಳು ದೂಧ್‌ಸಾಗರ ನೋಡಲು ನಿಷೇಧವಿದ್ದರೂ ಹೋಗಿ ರೈಲು ಹಳಿ ಮೇಲೆ ನಡೆದ ಚಾರಣಿಗರಿಗೆ ಬಸ್ಕಿ ಹೊಡೆಸಿದ ವಿಡಿಯೊ ಹರಿದಾಡಿತು. 2024ರ ಜುಲೈನಲ್ಲಿ ಚಾರ್ಮಾಡಿ ಘಾಟಿಯ ಜಲಪಾತದಲ್ಲಿ ಎಚ್ಚರಿಕೆ ಮೀರಿ ಸ್ನಾನಕ್ಕಿಳಿದವರ ಬಟ್ಟೆಗಳನ್ನೇ ಪೊಲೀಸರು ಎತ್ತಿಕೊಂಡು ಹೋದರು. ಜನ ನಕ್ಕರು, ಹಂಚಿಕೊಂಡರು, 'ಸರಿಯಾಗಿ ಮಾಡಿದರು' ಎಂದರು.

ನನಗೆ ಅದು ಸರಿ ಎನಿಸಲಿಲ್ಲ. ಪೊಲೀಸರ ಕಷ್ಟ ನನಗೆ ಅರ್ಥವಾಗುತ್ತದೆ. ಇಬ್ಬರು ಸಿಬ್ಬಂದಿ ನೂರಾರು ಜನರನ್ನು ತಡೆಯಬೇಕು, ಎಲ್ಲರ ಮೇಲೂ ಕೇಸು ಹಾಕಿದರೆ ಠಾಣೆಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ಆದರೆ ಬಸ್ಕಿ ಹೊಡೆದವನು ನಿಯಮ ಕಲಿಯುವುದಿಲ್ಲ, ಸಿಕ್ಕಿಬೀಳಬಾರದು ಎಂಬುದನ್ನು ಕಲಿಯುತ್ತಾನೆ. ಮುಂದಿನ ಸಲ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಾನೆ, ಇನ್ನೊಂದು ಕಾಲುದಾರಿ ಹಿಡಿಯುತ್ತಾನೆ. ಹೆಸರು ಬರೆಸಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ, ಬಿದ್ದರೆ ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುವುದಿಲ್ಲ.

ಅವಮಾನದ ಶಿಕ್ಷೆ ಕೊಡುವ ಅಗತ್ಯವೂ ಇಲ್ಲ, ಏಕೆಂದರೆ ಕಾನೂನು ಆಗಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು ನಿರ್ಬಂಧಿಸುತ್ತದೆ. 2022ರ ತಿದ್ದುಪಡಿಯ ಬಳಿಕ ಇಂಥ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ರೈಲು ಹಳಿ ಮೇಲೆ ನಡೆದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ. ನನ್ನ ಸಹಪಾಠಿಗಳನ್ನು ಕೇಳಿದರೆ ಹೆಲ್ಮೆಟ್ ಇಲ್ಲದ್ದಕ್ಕೆ ಎಷ್ಟು ದಂಡ ಎಂದು ತಟ್ಟನೆ ಹೇಳುತ್ತಾರೆ. ಕಾಡಿನೊಳಗೆ ನುಗ್ಗಿದರೆ ಏನಾಗುತ್ತದೆ ಎಂದು ಹೇಳಬಲ್ಲವರು ಒಬ್ಬರೂ ಸಿಗಲಿಲ್ಲ. ಕೈಗೆ ರಸೀದಿ ಬರುವ ಸಣ್ಣ ದಂಡ ಖಚಿತವಾಗಿ ಬೀಳುತ್ತದೆ ಎಂದಾದರೆ, ಎಂದೂ ಬೀಳದ ಒಂದು ಲಕ್ಷದ ದಂಡಕ್ಕಿಂತ ಅದಕ್ಕೇ ಹೆಚ್ಚು ಹೆದರುತ್ತೇವೆ.

ರಸೀದಿಯ ಮಾತು ಯಾಕೆಂದರೆ, ನಿಷೇಧ ಇರುವಲ್ಲಿ ಒಂದು ಸಣ್ಣ ವ್ಯಾಪಾರವೂ ಹುಟ್ಟಿಕೊಳ್ಳುತ್ತದೆ. ಕೈಗೆ ಇನ್ನೂರು ರೂಪಾಯಿ ಇಟ್ಟರೆ ಗೇಟು ತೆರೆಯುತ್ತದೆ, ದೊಡ್ಡವರ ಫೋನು ಬಂದರೆ ಜೀಪೇ ಒಳಗೆ ಹೋಗುತ್ತದೆ. ನೂರಾರು ಕಿಲೋಮೀಟರು ಬಸ್ಸಿನಲ್ಲಿ ಕುಳಿತು ಬಂದ ನಮ್ಮ ಕಡೆಯ ಹುಡುಗರು ಹೊರಗೆ ನಿಂತು ಅದನ್ನು ನೋಡುತ್ತಾರೆ. ಅಲ್ಲಿಗೆ ಆ ಗೇಟಿನ ಮೇಲಿನ ಮರ್ಯಾದೆ ಮುಗಿಯಿತು. ಒಬ್ಬನಿಗೆ ತೆರೆದ ಗೇಟು ಅಪಾಯದ ಕಾರಣಕ್ಕೆ ಮುಚ್ಚಿದ್ದಲ್ಲ ಎಂದು ಉಳಿದವರು ತಿಳಿಯುತ್ತಾರೆ, ಬೇಲಿ ಹಾರುತ್ತಾರೆ.

ಮುಚ್ಚುವುದೂ ತೆರೆಯುವುದೂ

ಸರ್ಕಾರ ಏನೂ ಕಲಿತಿಲ್ಲ ಎಂದರೆ ಅನ್ಯಾಯವಾಗುತ್ತದೆ. 2024ರ ಗಣರಾಜ್ಯೋತ್ಸವದ ಸಾಲುರಜೆಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದರು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಪಥಗಳನ್ನು ಮುಚ್ಚುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಬುಕಿಂಗ್ ತಾಣ ಬಂತು. ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿದರು. ಮುಚ್ಚಿ, ಯೋಚಿಸಿ, ಲೆಕ್ಕ ಹಾಕಿ, ಮತ್ತೆ ತೆರೆದ ಈ ಕ್ರಮ ಸರಿಯಾದ ದಿಕ್ಕಿನದು. ಹಾಗೆಯೇ 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ ಮೇಲೆ ಕಡಲತೀರವನ್ನು ಮುಚ್ಚಲಾಯಿತು. ಬಳಿಕ ಈಜಬಹುದಾದ ಜಾಗವನ್ನು ಗುರುತಿಸಿ ತೆರೆಯಲಾಯಿತು. ಆ ಗುರುತು ಮೊದಲೇ ಇದ್ದಿದ್ದರೆ ಎಂಬ ಸಂಕಟ ಮಾತ್ರ ಉಳಿಯುತ್ತದೆ.

ಇದಕ್ಕೆ ದೂರದ ಉದಾಹರಣೆಯೇ ಬೇಕಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣಾ ನದಿಗೆ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ನೀರು ಬಿಡುವ ಮೊದಲು ನದಿಪಾತ್ರದ ಹಳ್ಳಿಗಳಿಗೆ ಸುದ್ದಿ ಮುಟ್ಟುತ್ತದೆ. ಇಷ್ಟು ಕ್ಯುಸೆಕ್ ಬಿಡುತ್ತಿದ್ದೇವೆ, ನದಿಗೆ ಇಳಿಯಬೇಡಿ ಎನ್ನುತ್ತಾರೆ. ಸೇತುವೆಗೆ ಬ್ಯಾರಿಕೇಡ್ ಬೀಳುತ್ತದೆ. ನೀರು ಇಳಿದ ಮೇಲೆ ತೆಗೆಯುತ್ತಾರೆ. ಸುತ್ತಿ ಬಳಸಿ ಹೋಗುವ ಕಷ್ಟವಿದ್ದರೂ ಆ ಬ್ಯಾರಿಕೇಡನ್ನು ನಂಬುತ್ತಾರೆ ಜನ, ಏಕೆಂದರೆ ಅದರ ಹಿಂದೆ ಒಂದು ಸಂಖ್ಯೆ ಇದೆ, ಒಂದು ಕಾರಣವಿದೆ. ಅದು ನಾಳೆಯೋ ನಾಡಿದ್ದೋ ಏಳುತ್ತದೆ ಎಂಬುದೂ ಗೊತ್ತು. ನದಿಗೆ ಇರುವ ಈ ವ್ಯವಸ್ಥೆ ಜಲಪಾತಕ್ಕೆ, ಕಾಲುವೆಗೆ, ಬೆಟ್ಟದ ದಾರಿಗೆ ಯಾಕಿಲ್ಲ?

'ನನ್ನ ಜೀವ, ನನ್ನ ಇಷ್ಟ' ಎನ್ನುವ ಗೆಳೆಯರಿಗೂ ಒಂದು ಮಾತು ಹೇಳಬೇಕು. ನೀನು ಬಿದ್ದರೆ ನಿನ್ನನ್ನು ಹುಡುಕಲು ಇಳಿಯುವವನದು ಯಾರ ಜೀವ? ಅಗ್ನಿಶಾಮಕ ಸಿಬ್ಬಂದಿ, ಊರಿನ ಮುಳುಗುಗಾರರು, ಹರಿಗೋಲು ನಡೆಸುವವರು ಅದೇ ನೀರಿಗೆ ಅದೇ ಮಳೆಯಲ್ಲಿ ಇಳಿಯುತ್ತಾರೆ. 2025ರ ಫೆಬ್ರುವರಿಯಲ್ಲಿ ಗಂಗಾವತಿ ಹತ್ತಿರದ ಸಣಾಪುರದಲ್ಲಿ ಬಂಡೆಯ ಮೇಲಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಕೊಚ್ಚಿಹೋದಾಗ ಬಂಡೆಗಳ ಸಂದಿಯಲ್ಲಿ ಹುಡುಕಿದವರೂ ಇಂಥವರೇ. ಇನ್ನು ಕಾಡಿನ ದಾರಿ ಮುಚ್ಚುವುದು ಯಾವಾಗಲೂ ನಮಗಾಗಿ ಮಾತ್ರ ಅಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯವಿರುತ್ತದೆ, ಮಳೆಯಲ್ಲಿ ಸವೆಯುವ ಹುಲ್ಲುಗಾವಲು ಇರುತ್ತದೆ. ಅಲ್ಲಿ ನಮ್ಮ ಧೈರ್ಯದ ಪ್ರಶ್ನೆಯೇ ಬರುವುದಿಲ್ಲ.

ಮತ್ತೊಂದು ಕಡೆ, 'ಎಲ್ಲವನ್ನೂ ಶಾಶ್ವತವಾಗಿ ಮುಚ್ಚಿಬಿಡಿ' ಎನ್ನುವವರಿದ್ದಾರೆ. ಅಧಿಕಾರಿಗೆ ಅದು ಸುಲಭದ ದಾರಿ. ಆದೇಶ ಹೊರಡಿಸಿದರೆ ಜವಾಬ್ದಾರಿ ಮುಗಿಯಿತು. ಆದರೆ ಹೊಟ್ಟೆಗೆ ಪೆಟ್ಟು ಬೀಳುವುದು ಮಾರ್ಗದರ್ಶಿ ಹುಡುಗನಿಗೆ, ಹರಿಗೋಲಿನವನಿಗೆ, ಮಿರ್ಚಿ ಮಂಡಕ್ಕಿ ಮಾರುವ ಅವ್ವನಿಗೆ. ಕಾವಲಿಗೆ ಎಲ್ಲರಿಗಿಂತ ಯೋಗ್ಯರಾದವರೂ ಇವರೇ. ನೀರಿನ ಬಣ್ಣ ಬದಲಾದರೆ ಮೊದಲು ಗೊತ್ತಾಗುವುದು ಅವರಿಗೆ.

ಫಲಕ ಬರೆಯುವುದನ್ನು ನಮ್ಮ ಮಸ್ಕಿಯೇ ಕಲಿಸಬಹುದು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಕಂಡ ಬಂಡೆಗಲ್ಲಿನ ಶಾಸನ, 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆ ಅಶೋಕನೇ ಎಂದು ಜಗತ್ತಿಗೆ ಖಚಿತಪಡಿಸಿತು. ಪಠ್ಯದಲ್ಲಿ ನಾವು ಓದಿದ್ದು ಅಷ್ಟೇ. ಶಾಸನ ಏನು ಹೇಳುತ್ತದೆ ಎಂದು ನೋಡಿದರೆ, ಅದೂ ಜನರಿಗಾಗಿ ಬರೆಸಿದ ಒಂದು ಸರ್ಕಾರಿ ಸೂಚನೆ. ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತನ್ನು ಕಾರಣ ಸಮೇತ, ಸಣ್ಣವರು ದೊಡ್ಡವರು ಇಬ್ಬರಿಗೂ ಸೇರಿ ಬರೆಸಿದ. ಇವತ್ತಿನ ತಗಡಿನ ಬೋರ್ಡಿಗೆ ಅಷ್ಟೂ ಸಾಧ್ಯವಾಗಬಾರದೇ?

ಹಾಗಾಗಿ ಆಡಳಿತದ ಮುಂದೆ ಕೆಲವು ಬೇಡಿಕೆಗಳಿವೆ. ಯಾವುದೂ ಕೋಟಿಗಟ್ಟಲೆ ಹಣ ಕೇಳುವಂಥದ್ದಲ್ಲ. ಒಂದು, ಮುಚ್ಚಿದ ಜಾಗದ ಫಲಕದಲ್ಲಿ ಕಾರಣ, ದಿನಾಂಕ, ಮತ್ತೆ ಯಾವಾಗ ಪರಿಶೀಲಿಸುತ್ತಾರೆ ಎಂಬ ದಿನ, ದಂಡದ ಮೊತ್ತ ಮತ್ತು ಜವಾಬ್ದಾರ ಅಧಿಕಾರಿಯ ಕಚೇರಿ ಸಂಖ್ಯೆ ಇರಲಿ. ಎರಡು, ಕಡಲತೀರಗಳಲ್ಲಿ ಬಾವುಟ ಹಾರಿಸುವಂತೆ ಮಳೆಗಾಲದ ಜಲಪಾತಗಳಲ್ಲೂ ಕೆಂಪು, ಹಳದಿ, ಹಸಿರು ಬಾವುಟ ಬರಲಿ. ಬೆಳಿಗ್ಗೆ ಅದನ್ನು ಏರಿಸಲು ಹತ್ತಿರದ ಊರಿನ ಇಬ್ಬರು ಯುವಕರಿಗೆ ಋತುವಿನ ಮಟ್ಟಿಗೆ ಕೆಲಸ ಕೊಡಲಿ. ಹಸಿರು ಬಾವುಟ ಹಾರುವ ದಿನಗಳೂ ಇದ್ದರೆ ಮಾತ್ರ ಕೆಂಪಿಗೆ ಬೆಲೆ ಬರುತ್ತದೆ. ಮೂರು, ದಂಡಕ್ಕೆ ರಸೀದಿ ಇರಲಿ, ಯಾರ ಫೋನು ಬಂದರೂ ವಿನಾಯಿತಿ ಬೇಡ. ನಾಲ್ಕು, ಕಾಲುವೆಗಳಲ್ಲಿ ಊರು ಹತ್ತಿರವಿರುವ ಕಡೆಗಳಲ್ಲಿ ಮೆಟ್ಟಿಲು, ಹಿಡಿಯಲು ಸರಪಳಿ ಮಾಡಲಿ. ನಿಷೇಧಿಸಿದರೂ ಇಳಿಯುವ ಮಕ್ಕಳಿರುತ್ತಾರೆ. ಅವರು ಹತ್ತಿ ಬರಲು ದಾರಿ ಇರಬೇಕು.

ಐದನೆಯದು ನಮ್ಮಂಥ ವಿದ್ಯಾರ್ಥಿಗಳ ಪಾಲಿನದು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ನೀರಿನ ಟ್ಯಾಂಕ್ ತುಂಬಿದರೆ ಮೋಟಾರ್ ನಿಲ್ಲಿಸುವ ಸೆನ್ಸರ್ ಮಾಡುತ್ತೇವೆ. ಅದೇ ಜ್ಞಾನದಲ್ಲಿ ಜಲಪಾತದ ಮೇಲ್ಭಾಗದ ಹಳ್ಳದಲ್ಲಿ ನೀರು ಏರಿದರೆ ಕೆಳಗೆ ಸೈರನ್ ಕೂಗುವ ಸಾಧನ ಮಾಡಬಹುದು. ಸಾಧನವೊಂದೇ ಸಾಲದು. ಅದರ ಬ್ಯಾಟರಿ ನೋಡುವವರು, ಅದು ಕೂಗಿದಾಗ ಜನರನ್ನು ಮೇಲೆ ಕರೆಯುವವರು ಬೇಕು. ಆದರೆ ಶುರು ಮಾಡಲು ಅಡ್ಡಿಯೇನಿದೆ? ಗ್ರಾಮ ಪಂಚಾಯಿತಿ ಜಾಗ ತೋರಿಸಲಿ, ಕಾಲೇಜು ಅನುಮತಿ ಕೊಡಲಿ. ದುಡಿಯಲು ನಾವಿದ್ದೇವೆ.

ಅಲ್ಲಿಯವರೆಗೆ ತುಕ್ಕು ಹಿಡಿದ ಬೋರ್ಡು ತನ್ನ ಜಾಗದಲ್ಲೇ ಇರುತ್ತದೆ. ಅದು ಸರಿಯಾಗಿ ಹೇಳುತ್ತಿಲ್ಲ ಎಂಬುದು ನಮ್ಮ ದೂರು. ಆದರೆ ಆ ದೂರನ್ನು ಕಚೇರಿಯ ಮೆಟ್ಟಿಲ ಮುಂದೆ ನಿಂತು ಹೇಳೋಣ, ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ನಿಂತು ಬೇಡ. ಬೋರ್ಡು ಬರೆಯಲು ಬಾರದವರ ತಪ್ಪಿಗೆ ನಮ್ಮ ಮನೆಯವರು ಬೆಲೆ ತೆರಬಾರದು.